ತೆಂಗಿನಕಾಯಿ ಬಿಡಿ, ಊರಿನ ಬೋರ್‌ವೆಲ್ ಲೆಕ್ಕ ಬರೆಸಿ

ಪ್ರಶ್ನೆ: ಮುಳಬಾಗಿಲು ತಾಲ್ಲೂಕಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಕೃಷಿ ಮತ್ತು ನೈಸರ್ಗಿಕ ಸಂಪನ್ಮೂಲದ ತರಗತಿಗೆ ನೀರು ನೋಡುವವರೊಬ್ಬರನ್ನು ಕರೆಸಿ, ಅಂಗೈ ಮೇಲೆ ತೆಂಗಿನಕಾಯಿ ಎದ್ದು ನಿಲ್ಲುವುದನ್ನು ತೋರಿಸೋಣ ಅಂತಿದ್ದೇವೆ. ಅವರು ಹೇಳಿದ ಕಡೆ ನೀರು ಬಿದ್ದಿರುವುದೂ ನಿಜ. ಇದರ ಹಿಂದಿನ ವಿಜ್ಞಾನ ಏನು?

ಉತ್ತರ: ಏನೂ ಇಲ್ಲ. ಪ್ರತಿ ಬೇಸಿಗೆಯಲ್ಲೂ ಈ ಪ್ರಶ್ನೆ ಬರುತ್ತದೆ. ರೈತರು ಕೇಳಿದರೆ ನನಗೆ ಸಿಟ್ಟು ಬರುವುದಿಲ್ಲ. ಸಾಲ ಮಾಡಿ ಬೋರ್ ಕೊರೆಸುವವರು ಯಾವ ಭರವಸೆ ಸಿಕ್ಕರೂ ಹಿಡಿದುಕೊಳ್ಳುತ್ತಾರೆ. ವಿಜ್ಞಾನದ ಮೇಷ್ಟ್ರು ಕೇಳಿದರೆ ಬರುತ್ತದೆ.

ಕಾಯಿ ಏಳುವುದು ಕೈಯ ಸಣ್ಣ ಅಲುಗಾಟದಿಂದ. ಹಿಡಿದವರಿಗೇ ಅದು ಗೊತ್ತಾಗದಿರಬಹುದು. ಅದಕ್ಕೇ ಎಲ್ಲರೂ ಮೋಸಗಾರರು ಅಂತ ನಾನು ಹೇಳುವುದಿಲ್ಲ. ಬೇವಿನ ಕವೆಕಡ್ಡಿ, ತಾಮ್ರದ ಸರಳು ಎಲ್ಲದರದ್ದೂ ಇದೇ ಕಥೆ. ಓ ಪಾಸಿಟಿವ್ ರಕ್ತದವರಿಗೆ ಮಾತ್ರ ನೀರು ಸಿಗುತ್ತೆ ಅನ್ನುವುದಂತೂ ಶುದ್ಧ ಬುರುಡೆ.

ಮತ್ತೆ ನೀರು ಹೇಗೆ ಬಿತ್ತು? ಕೋಲಾರದ ಅಡಿಯಲ್ಲಿ ಇರುವುದು ಗಟ್ಟಿ ಕಲ್ಲು. ಅಲ್ಲಿ ಹೊಳೆ ಹರಿಯುತ್ತಿಲ್ಲ. ಮೇಲಿನ ಸವೆದ ಪದರದಲ್ಲಿ, ಕೆಳಗಿನ ಬಿರುಕುಗಳಲ್ಲಿ ನೀರು ನಿಂತಿರುತ್ತದೆ. ಬಿರುಕು ಸಿಕ್ಕರೆ ನೀರು, ಇಲ್ಲವಾದರೆ ಬರೀ ದೂಳು. ಕಣ್ಣು ಮುಚ್ಚಿ ಕೊರೆದರೂ ಕೆಲವು ಕಡೆ ನೀರು ಬಿದ್ದೇ ಬೀಳುತ್ತದೆ. ಬಿದ್ದದ್ದನ್ನು ಊರೆಲ್ಲ ಹೇಳಿಕೊಂಡು ತಿರುಗುತ್ತಾರೆ. ಫೇಲಾದ ಬೋರ್ ಬಗ್ಗೆ ಯಾರಾದರೂ ಮಾತಾಡ್ತಾರಾ?

ಆ ಮಾತು ಆಡಿಸುವುದೇ ನಿಮ್ಮ ತರಗತಿಯ ಕೆಲಸ ಆಗಲಿ. ಮಕ್ಕಳ ಕೈಗೆ ಒಂದು ರಿಜಿಸ್ಟರ್ ಕೊಡಿ. ಊರಿನ ಒಂದೊಂದು ಬೋರ್ ಬಗ್ಗೆಯೂ ಮನೆಯವರನ್ನು ಕೇಳಿ ಬರೆಯಲಿ: ಯಾವ ವರ್ಷ ಕೊರೆಸಿದ್ದು, ಎಷ್ಟು ಅಡಿ, ಜಾಗ ತೋರಿಸಿದ್ದು ಹೇಗೆ, ಎಷ್ಟು ಇಂಚು ನೀರು, ಯಾವಾಗ ಬತ್ತಿತು. ಫೇಲಾದದ್ದು ಬಿಡಬಾರದು. ನೀರು ನೋಡಿದವರ ಹೆಸರು ಬೇಡ, ಅವರು ಯಾವುದೋ ಹುಡುಗಿಯ ತಾತ ಆಗಿರಬಹುದು. ಮನೆಯಲ್ಲಿ ಕೇಳಿದರೆ ಸಾಕು, ಹೊಲಕ್ಕೆ ಹೋಗಿ ಇಣುಕುವುದು ಬೇಡ. ಮುಚ್ಚಳವಿಲ್ಲದ ಹಳೇ ಬೋರ್‌ಗಳು ಎಲ್ಲೆಲ್ಲೋ ಇವೆ. ಕೊರೆಯುವ ಲಾರಿ ಹತ್ತಿರಕ್ಕಂತೂ ಕರೆದೊಯ್ಯಲೇಬೇಡಿ. ಆ ಕಲ್ಲಿನ ದೂಳು ಶ್ವಾಸಕೋಶಕ್ಕೆ ವಿಷ.

ಈಗ ಗಣಿತಕ್ಕೆ ಬನ್ನಿ. ಇಂಚು ಅನ್ನುವುದು ಪೈಪಿನ ಅಗಲ ಅಲ್ಲ, ನೀರಿಗೆ ಅಡ್ಡ ಇಟ್ಟ ಅಳತೆ ತಗಡಿನ 'ವಿ' ಆಕಾರದ ಕಚ್ಚಿನಲ್ಲಿ ಹರಿಯುವ ನೀರಿನ ಎತ್ತರ. 2 ಇಂಚು ಅಂದರೆ ಗಂಟೆಗೆ ಸುಮಾರು 3,000 ಲೀಟರ್. 4 ಇಂಚು ಅಂದರೆ ಅದರ ಎರಡು ಪಟ್ಟಲ್ಲ, ಐದೂವರೆ ಪಟ್ಟಿಗೂ ಜಾಸ್ತಿ. 2 ಇಂಚಿನ ಬೋರ್ ದಿನಕ್ಕೆ 6 ಗಂಟೆ ಓಡಿದರೆ 18,000 ಲೀಟರ್ ಆಯಿತು. ಇತ್ತ ನಮ್ಮ ಕಡೆ ವರ್ಷದ ಮಳೆ ಸರಾಸರಿ 700 ಮಿಲಿಮೀಟರ್ ಆಸುಪಾಸು. ಒಂದು ಚದರ ಮೀಟರ್ ಮೇಲೆ 1 ಮಿಲಿಮೀಟರ್ ಬಿದ್ದರೆ 1 ಲೀಟರ್. ಹಾಗಾದರೆ 200 ಚದರ ಮೀಟರ್ ಶಾಲೆ ಚಾವಣಿ ಮೇಲೆ ವರ್ಷಕ್ಕೆ 1,40,000 ಲೀಟರ್ ಬೀಳುತ್ತದೆ. ಇಡೀ ವರ್ಷದ ಆ ಮಳೆಯನ್ನು ಆ ಒಂದು ಪಂಪು ಎಂಟು ದಿನದೊಳಗೆ ಎತ್ತಿ ಮುಗಿಸುತ್ತದೆ. ಹೊಲದ ಮೇಲೆ ಬಿದ್ದ ಮಳೆಯಲ್ಲೂ ಬಹುಪಾಲು ಆವಿಯಾಗಿ, ಹರಿದು ಹೋಗುತ್ತದೆ. ಬಿರುಕಿನವರೆಗೆ ಇಳಿಯುವುದು ಸ್ವಲ್ಪವೇ. ಬೋರ್ 1,200 ಅಡಿ ದಾಟಿದ್ದು ಯಾಕೆ ಅಂತ ಮಕ್ಕಳೇ ಹೇಳುತ್ತಾರೆ, ನೋಡಿ.

ಹಾಗಂತ ಮಷೀನ್ ಹಿಡಿದು ಬಂದವರೆಲ್ಲ ತಜ್ಞರಲ್ಲ. ನೆಲಕ್ಕೆ ಕರೆಂಟ್ ಹಾಯಿಸಿ ರೋಧ ಅಳೆಯುವ ಸರ್ವೆ ಇದೆ. ಅದರಿಂದ ಕಲ್ಲು ಎಷ್ಟು ಆಳದವರೆಗೆ ಸವೆದಿದೆ ಅನ್ನುವ ಅಂದಾಜು ಸಿಗುತ್ತದೆ, ಅಷ್ಟೇ. ನೀರಿಗೆ ಗ್ಯಾರಂಟಿ ಕೊಡುವವರು ಯಾರೇ ಇರಲಿ, ಅವರಿಗೆ ದುಡ್ಡು ಕೊಡಬೇಡಿ.

ಪ್ರಶ್ನೆ: ಬೋರ್ ನೀರು ಕುದಿಸಿದರೆ ಫ್ಲೋರೈಡ್ ಹೋಗುತ್ತಾ? (ಬಾಗೇಪಲ್ಲಿ)

ಉತ್ತರ: ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಫ್ಲೋರೈಡ್ ಜಾಸ್ತಿಯಾಗುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ದರೆ ಆ ನೀರನ್ನು ಮಕ್ಕಳಿಗೆ ಕುಡಿಸಬೇಡಿ.

ಪ್ರಶ್ನೆ: ಶಾಲೆ ಆವರಣಕ್ಕೆ ಬೇಗ ಬೆಳೆಯುತ್ತೆ ಅಂತ ನೀಲಗಿರಿ ಹಾಕಬಹುದಾ? (ಚಿಂತಾಮಣಿ)

ಉತ್ತರ: ಹೊಸದಾಗಿ ನೀಲಗಿರಿ ನೆಡುವುದನ್ನು ಸರ್ಕಾರ 2017ರಲ್ಲೇ ನಿಷೇಧಿಸಿದೆ. ಹೊಂಗೆ ಹಾಕಿ.

ಪ್ರಶ್ನೆ: ಕೆ.ಸಿ. ವ್ಯಾಲಿ ನೀರು ತುಂಬಿದ ಕೆರೆಯಿಂದ ಬಕೆಟ್‌ನಲ್ಲಿ ತಂದು ಶಾಲೆಯ ಸೊಪ್ಪಿನ ಮಡಿಗೆ ಹಾಕುತ್ತಿದ್ದೇವೆ, ಸರಿಯಾ? (ಕೋಲಾರ)

ಉತ್ತರ: ತಪ್ಪು. ಅದು ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧ ಮಾಡಿ ಕಳಿಸಿದ್ದು, ಕೆರೆ ತುಂಬಿಸಿ ಅಂತರ್ಜಲ ಏರಿಸುವುದಕ್ಕೆ. ಹಸಿಯಾಗಿ ತಿನ್ನುವ ಕೊತ್ತಂಬರಿಗೆ ಅದನ್ನು ಹಾಕುವುದನ್ನು ಇವತ್ತೇ ನಿಲ್ಲಿಸಿ. ಮಕ್ಕಳ ಕೈಯಲ್ಲಿ ಹೊರಿಸುವುದನ್ನೂ.