ಆಟಿಯಲ್ಲಿ ಮುನಿಯುವ ಗಿಟಾರ್

ಪ್ರಶ್ನೆ: ಜಾನಪದ ಧಾಟಿಯಲ್ಲಿ ನಾನೇ ಹಾಡು ಕಟ್ಟಿ ಗಿಟಾರ್ ಹಿಡಿದು ಹಾಡುತ್ತೇನೆ. ಆಟಿ (ತುಳುವರ ಮಳೆಗಾಲದ ತಿಂಗಳು) ಬಂತೆಂದರೆ ತಂತಿ ಒತ್ತಿ ಬೆರಳು ನೋಯುತ್ತದೆ. ಏಕೆ?
– ಓದುಗರೊಬ್ಬರು, ಮಲ್ಪೆ

ಉತ್ತರ: ತೇವ ಹೀರಿದ ಮೇಲ್ಹಲಗೆ ಉಬ್ಬುತ್ತದೆ, ಅದರ ಮೇಲೆ ತಂತಿ ಹಿಡಿದಿರುವ ಬ್ರಿಡ್ಜ್ ಏರುತ್ತದೆ, ಜೊತೆಗೆ ತಂತಿಯೂ. ಗಿಟಾರ್ ಕತ್ತಿನ 12ನೇ ಫ್ರೆಟ್ (ಅಡ್ಡ ಲೋಹಪಟ್ಟಿ) ಮೇಲೆ ದಪ್ಪ ತಂತಿಯ ಅಂತರ ಅಳೆಯಿರಿ. 2.5 ಮಿ.ಮೀ. ಆಸುಪಾಸಿದ್ದರೆ ಸರಿ, 3.5 ದಾಟಿದರೆ ತಪ್ಪು ಬೆರಳಿನದ್ದಲ್ಲ. ಹಾಗೆಂದು ಇರುವ ಸ್ಯಾಡಲನ್ನೇ (ಬ್ರಿಡ್ಜ್ ಮೇಲೆ ತಂತಿ ಕೂರುವ ಸಣ್ಣ ಪಟ್ಟಿ) ಉಜ್ಜಿ ತಗ್ಗಿಸಬೇಡಿ. ಬೇಸಗೆಯಲ್ಲಿ ಮರ ಇಳಿದಾಗ ತಂತಿ ಫ್ರೆಟ್‌ಗೆ ತಾಗಿ ಗರಗರ ಎನ್ನುತ್ತದೆ. ಮಳೆಗಾಲಕ್ಕೆಂದೇ ತಗ್ಗಿನ ಸ್ಯಾಡಲೊಂದು ಮಾಡಿಸಿಟ್ಟುಕೊಳ್ಳಿ, ದೊಡ್ಡ ಖರ್ಚೇನಲ್ಲ. ಗೋಡೆಗೆ ನೇತುಹಾಕದೆ, ಸಿಲಿಕಾ ಜೆಲ್ ಹಾಕಿದ ಗಟ್ಟಿ ಪೆಟ್ಟಿಗೆಯಲ್ಲಿಡಿ. ಒಳಗಿನ ತೇವಾಂಶ ಶೇ. 45–55 ಇರಲಿ. ಹಾಡಿದ ಮೇಲೆ ಒಣಬಟ್ಟೆಯನ್ನು ತಂತಿಯಡಿಗೂ ತೂರಿಸಿ ಒರೆಸಿ. ಅಲ್ಲಿನ ತುಕ್ಕು ಕಣ್ಣಿಗೆ ಬೀಳುವುದಿಲ್ಲ.