ಸುಳ್ಳು ಅಂತ ಗೊತ್ತಾದ ಮೇಲೂ ಸುದ್ದಿ ತಲೆಯಿಂದ ಯಾಕೆ ಹೋಗಲ್ಲ?

ವಾಟ್ಸಾಪ್ ಸುದ್ದಿ ಸುಳ್ಳು ಅಂತ ತೋರಿಸಿದಾಗ ನಿಮ್ಮ ಅಮ್ಮ ಒಪ್ಪುತ್ತಾರೆ, ವಾರ ಬಿಟ್ಟು ಮತ್ತೆ ಅದನ್ನೇ ಹೇಳುತ್ತಾರೆ, ಯಾಕೆ ಅಂತ ಕೇಳಿದ್ದೀರಿ. ಅದು ಹಟ ಅಲ್ಲ. ಬರೀ "ಸುಳ್ಳು" ಅಂದರೆ ಅವರಲ್ಲಿದ್ದ ಒಂದು ಕಾರಣವನ್ನು ಕಿತ್ತುಕೊಂಡ ಹಾಗೆ. ಆ ಜಾಗಕ್ಕೆ ಬೇರೆ ಕಾರಣ ಬರದಿದ್ದರೆ ಹಳೆಯದೇ ವಾಪಸ್ ಬರುತ್ತೆ.

ನಾನು ಗಂಗಾವತಿ ಕಡೆಯ ಹೊಳೆದಂಡೆ ಊರಿನವನು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ನಮ್ಮ ಓಣಿಗೆ ಬಂದ ಮಾತು ಬೇರೆ: "ಡ್ಯಾಮ್ ಒಡದೈತಂತ!" ದೊಡ್ಡವ್ವ ಪಹಣಿ, ರೇಷನ್ ಕಾರ್ಡು ಎಲ್ಲ ಚೀಲಕ್ಕೆ ತುಂಬಿ ಕಟ್ಟೆ ಮೇಲೆ ಕೂತಿದ್ದಳು. ಫೋನ್ ತೋರಿಸಿ "ಒಡೆದಿಲ್ಲ" ಅಂದೆ. "ಮತ್ತ ಹೊಳಿ ಯಾಕ ಏರಾಕತ್ತೈತಿ?" ಅಂದಳು. ಸರಿಯಾದ ಪ್ರಶ್ನೆ ಅಲ್ವಾ? ನನ್ನ ಮಾತಿನಲ್ಲಿ ಅದಕ್ಕೆ ಉತ್ತರವೇ ಇರಲಿಲ್ಲ.

ಆಮೇಲೆ ಕೆರೆಯ ಲೆಕ್ಕದಲ್ಲಿ ಹೇಳಿದೆ. ಏರಿ ಗಟ್ಟಿ ಇದೆ, ತೂಬಿನ ಬಾಗಿಲು ಒಂದು ಹೋಗಿದೆ. ಅಲ್ಲಿನ ಒತ್ತಡ ಇಳಿಸೋಕೆ ಬೇರೆ ಬಾಗಿಲುಗಳನ್ನೂ ತೆರೆದಿದ್ದಾರೆ, ಅದಕ್ಕೇ ಇಷ್ಟು ನೀರು. ಸ್ವಲ್ಪ ಹೊತ್ತು ಸುಮ್ನೆ ಕೂತಳು. ಚೀಲವನ್ನು ಅಟ್ಟದ ಮೇಲಿಟ್ಟು ಎಮ್ಮೆಗೆ ಮೇವು ಹಾಕಲು ಹೋದಳು.

1994ರಲ್ಲಿ ಜಾನ್ಸನ್ ಮತ್ತು ಸೈಫರ್ಟ್ ಅನ್ನೋ ಮನೋವಿಜ್ಞಾನಿಗಳು ಇದನ್ನೇ ಪರೀಕ್ಷೆ ಮಾಡಿ ನೋಡಿದ್ದರು. ಗೋದಾಮಿಗೆ ಬೆಂಕಿ ಬಿದ್ದ ಕಥೆಯೊಂದನ್ನು ಜನರಿಗೆ ಓದಲು ಕೊಟ್ಟರು. ಕೋಣೆಯಲ್ಲಿ ಪೇಂಟು, ಗ್ಯಾಸ್ ಸಿಲಿಂಡರ್ ಇದ್ದವು ಅಂತ ಮೊದಲು ಹೇಳಿ, ಆಮೇಲೆ ಆ ಕೋಣೆ ಖಾಲಿ ಇತ್ತು ಅಂತ ತಿದ್ದಿದರು. ಆದರೂ ಓದಿದವರು ಬೆಂಕಿಗೆ ಪೇಂಟನ್ನೇ ಕಾರಣ ಮಾಡುತ್ತಿದ್ದರು. ಯಾರೋ ಬೇಕಂತಲೇ ಬೆಂಕಿ ಇಟ್ಟ ಸುಳಿವು ಕೊಟ್ಟಾಗ ಮಾತ್ರ ಅದು ಕಡಿಮೆಯಾಯಿತು.

ಇನ್ನು ಪದದ ವಿಷಯ. ಇದು ನನಗೆ ಜಾಸ್ತಿ ಮುಖ್ಯ. ಲಾಫ್ಟಸ್ ಮತ್ತು ಪಾಮರ್ ಅನ್ನೋ ಮನೋವಿಜ್ಞಾನಿಗಳು 1974ರಲ್ಲಿ ಜನರಿಗೆ ಕಾರು ಅಪಘಾತದ ಚಲನಚಿತ್ರದ ತುಣುಕು ತೋರಿಸಿದರು. ಕೆಲವರನ್ನು ಕಾರು "ತಾಗಿದಾಗ" ಎಷ್ಟು ಸ್ಪೀಡಿತ್ತು ಅಂತ ಕೇಳಿದರು, ಕೆಲವರನ್ನು "ಅಪ್ಪಳಿಸಿದಾಗ" ಅಂತ. ವಾರದ ನಂತರ ಒಡೆದ ಗಾಜು ನೋಡಿದ್ರಾ ಅಂದರೆ, "ಅಪ್ಪಳಿಸಿದ" ಕೇಳಿದ 50 ಜನರಲ್ಲಿ 16 ಮಂದಿ ಹೌದು ಅಂದರು, "ತಾಗಿದ" ಕೇಳಿದ 50ರಲ್ಲಿ 7 ಮಂದಿ. ಚಿತ್ರದಲ್ಲಿ ಗಾಜು ಒಡೆದೇ ಇರಲಿಲ್ಲ. ನಮ್ಮ ಓಣಿಯ ಹುಡುಗರು ಇವತ್ತಿಗೂ "ಡ್ಯಾಮ್ ಒಡೆದ ವರ್ಷ" ಅಂತಾರೆ. ಕೇಳಿದಾಗಲೆಲ್ಲ "ಗೇಟು ಹೋದ ವರ್ಷ" ಅಂತ ತಿದ್ದುತ್ತೇನೆ.

ಅಮ್ಮನಿಗೂ ಸುಳ್ಳನ್ನು ಮತ್ತೆ ಮತ್ತೆ ಓದಿ ಹೇಳಬೇಡಿ. ನಿಜವಾಗಿ ಏನಾಯಿತು, ಯಾಕಾಯಿತು ಅನ್ನೋದನ್ನು ಮೊದಲು ಅವರ ಮಾತಿನಲ್ಲೇ ಹೇಳಿ. ಎರಡು ದಿನ ಬಿಟ್ಟು, "ಅವತ್ತು ಏನಾಗಿತ್ತು ಅಂದಿದ್ದೆ, ನೆನಪಿದೆಯಾ ಅಮ್ಮಾ?" ಅಂತ ಅವರಿಂದಲೇ ಹೇಳಿಸಿ.