ನಾದಿನಿಗೂ ಒಂದು ಮಾತು ಇರಬಹುದಲ್ವಾ?

ಆಳಂದ ತಾಲ್ಲೂಕಿನ ನಿವೃತ್ತ ಶಿಕ್ಷಕರೊಬ್ಬರ ಪತ್ರ: "ಹೋದ ಸಂಚಿಕೆಯಲ್ಲಿ ಹೂವಿನ ಗಿಡವಾಗುವ ಹುಡುಗಿಯ ಕಥೆಯನ್ನು ಆಕೆಯ ನಾದಿನಿಯ ಬಾಯಿಂದ ಹೇಳಿಸಿದ್ದೀರಿ. ಈ ಕಥೆ ನಮ್ಮವ್ವನಿಂದ ಕೇಳಿದ್ದು. ಅದರಲ್ಲಿ ನಾದಿನಿ ಕೆಟ್ಟವಳು, ಕೊನೆಗೆ ಆಕೆಯನ್ನು ಊರು ಬಿಡಿಸುತ್ತಾರೆ. ನಿಮ್ಮ ಲೇಖಕಿ ಆಕೆಯ ಮೇಲೆ ಕನಿಕರ ಬರುವ ಹಾಗೆ ಬರೆದಿದ್ದಾರೆ. ಈಗಿನವರಿಗೆ ಹೊಸ ಕಥೆ ಹೊಳೆಯುವುದಿಲ್ಲವೇ? ಅಜ್ಜಿ ಕಥೆಗಳನ್ನೇ ತಿರುಗಿಸಿ ಬರೆಯುವುದೇಕೆ? ನಮ್ಮ ಮೊಮ್ಮಕ್ಕಳು ಯಾವುದನ್ನು ನಂಬಬೇಕು?"

ಗುರುಗಳೇ, ನಮಸ್ಕಾರ.

ಗೊತ್ತಿಲ್ಲದ ಓದುಗರಿಗಾಗಿ ಮೊದಲು ಕಥೆ ಹೇಳಿಬಿಡುತ್ತೇನೆ. ಬಡವರ ಮನೆಯ ಹುಡುಗಿ. ಉಗುರು ತಾಗದ ಹಾಗೆ ಎರಡು ಕೊಡ ನೀರು ತರಬೇಕು. ಒಂದು ಕೊಡ ಸುರಿದರೆ ಆಕೆ ಹೂವಿನ ಗಿಡವಾಗುತ್ತಾಳೆ. ಎಲೆ, ಟೊಂಗೆಗೆ ನೋವಾಗದಂತೆ ಹೂ ಬಿಡಿಸಿಕೊಂಡು ಇನ್ನೊಂದು ಕೊಡ ಸುರಿದರೆ ಮತ್ತೆ ಹುಡುಗಿ. ಹೂ ಮಾರಿ ಮನೆ ನಡೆಯುತ್ತದೆ. ರಾಜಕುಮಾರ ಇದನ್ನು ಕದ್ದು ನೋಡುತ್ತಾನೆ, ಆಕೆಯನ್ನೇ ಮದುವೆಯಾಗುತ್ತಾನೆ. ಅವನ ತಂಗಿಗೆ ಗುಟ್ಟು ತಿಳಿಯುತ್ತದೆ. ಅತ್ತಿಗೆಯನ್ನು ತೋಟಕ್ಕೆ ಕರೆದುಕೊಂಡು ಹೋಗಿ ಗಿಡವಾಗು ಅಂತ ಹಟ ಹಿಡಿಯುತ್ತಾಳೆ. ಗೆಳತಿಯರೆಲ್ಲ ಹತ್ತಿ ಟೊಂಗೆ ಮುರಿಯುತ್ತಾರೆ. ಮಳೆ ಬಂತೆಂದು ಎರಡನೇ ಕೊಡವನ್ನು ಹೇಗೋ ಚೆಲ್ಲಿ ಓಡಿಹೋಗುತ್ತಾರೆ. ಹುಡುಗಿ ಕೈಕಾಲಿಲ್ಲದೆ, ಅತ್ತ ಗಿಡವೂ ಅಲ್ಲ ಇತ್ತ ಮನುಷ್ಯಳೂ ಅಲ್ಲ ಎಂಬಂತೆ ಚರಂಡಿಯಲ್ಲಿ ಉಳಿಯುತ್ತಾಳೆ. ಹತ್ತಿ ಗಾಡಿಯವರು ಆಕೆಯನ್ನು ಎತ್ತಿಕೊಂಡು ಹೋಗುತ್ತಾರೆ. ಬಹಳ ದಿನಗಳ ಮೇಲೆ ಗಂಡ ಸಿಗುತ್ತಾನೆ. ನೀರು ಸುರಿದು, ಮುರಿದ ಟೊಂಗೆಗಳನ್ನು ಒಂದೊಂದಾಗಿ ಕೂಡಿಸಿ, ಆಕೆಯನ್ನು ಪೂರ್ತಿ ಹೆಣ್ಣಾಗಿ ಮರಳಿ ಪಡೆಯುತ್ತಾನೆ.

ಉತ್ತರ ಕರ್ನಾಟಕದ ಕಡೆ ಕೇಳಿದ ಈ ಕಥೆಯನ್ನು ಕವಿ, ಜನಪದ ಕಥೆಗಳ ಸಂಗ್ರಾಹಕ ಎ.ಕೆ. ರಾಮಾನುಜನ್ ಇಂಗ್ಲಿಷಿನಲ್ಲಿ ಜಗತ್ತಿಗೆ ಓದಿಸಿದರು. ಅವರು ತೀರಿಕೊಂಡ ಮೇಲೆ 1997ರಲ್ಲಿ ಬಂದ ಕಥೆಗಳ ಪುಸ್ತಕಕ್ಕೆ ಇದೇ ಕಥೆಯ ಹೆಸರಿದೆ. ಅದರಲ್ಲಿ ಅಚ್ಚಾಗಿರುವ ಕೊನೆ ನೋಡಿ: ರಾಜ ತನ್ನ ಕಿರಿ ಮಗಳನ್ನು ಸುಡುವ ಸುಣ್ಣದ ಗುಂಡಿಗೆ ನೂಕಿಸುತ್ತಾನೆ. ನಿಮ್ಮವ್ವ ಹೇಳಿದ ಕಥೆಯಲ್ಲಿ ಊರು ಬಿಡಿಸುವುದಷ್ಟೇ. ಸುಣ್ಣದ ಗುಂಡಿ ಇಲ್ಲ.

ಇದೇನು ಸಣ್ಣ ಬದಲಾವಣೆಯಲ್ಲ. ನಿಮ್ಮವ್ವನೋ, ಅವರಿಗೆ ಕಥೆ ಹೇಳಿದವರೋ, ಮಕ್ಕಳ ಮುಂದೆ ಸುಡುವ ಸುಣ್ಣ ಬೇಡ ಅಂದುಕೊಂಡಿರಬಹುದು. ತಂದೆಯೇ ಮಗಳನ್ನು ಕೊಲ್ಲುವುದು ಮನಸ್ಸಿಗೆ ಒಗ್ಗದೆಯೂ ಇರಬಹುದು. ಅಥವಾ ಈ ಕಡೆ ಹೇಳುತ್ತ ಬಂದದ್ದೇ ಹಾಗಿರಬಹುದು. ಹೇಗಿದ್ದರೂ ಹೇಳುವವರ ಮನಸ್ಸು ಕಥೆಯೊಳಗೆ ಹೋಗಿದೆ. ನಮ್ಮ ಲೇಖಕಿ ಮಾಡಿದ್ದೂ ಅದನ್ನೇ, ಒಂದು ಹೆಜ್ಜೆ ಮುಂದಕ್ಕೆ.

ಆ ಹೆಜ್ಜೆ ಯಾಕೆ ಬೇಕಿತ್ತು ಅಂತ ಕೇಳಿದ್ದೀರಿ. ಕಥೆಯ ನಡುವೆ ಒಂದು ರಾತ್ರಿ ಬರುತ್ತದೆ. ಮದುವೆಯಾದ ಹೊಸದರಲ್ಲಿ ರಾಜಕುಮಾರ ಹೆಂಡತಿಗೆ ಗಿಡವಾಗು ಅನ್ನುತ್ತಾನೆ. ಆಕೆ ಒಲ್ಲೆ ಅನ್ನುತ್ತಾಳೆ, ನಾನೇನು ದೆವ್ವವೇ ಅಂತ ಕೇಳುತ್ತಾಳೆ. ಅವನು ಬಿಡುವುದಿಲ್ಲ. ಕೊನೆಗೆ ಒಪ್ಪುತ್ತಾಳೆ. ಆಮೇಲೆ ಅದು ದಿನಾ ರಾತ್ರಿಯ ಮಾತಾಗುತ್ತದೆ. ಕೋಣೆಯ ಹೊರಗೆ ಬಾಡಿದ ಹೂಗಳ ರಾಶಿ ಬೀಳುತ್ತದೆ. ತಂಗಿಗೆ ಗುಟ್ಟು ತಿಳಿಯುವುದೇ ಆ ರಾಶಿಯಿಂದ. ಅಣ್ಣ ಬೇಡಿದ್ದೂ ಹೂವೇ, ತಂಗಿ ಬೇಡಿದ್ದೂ ಹೂವೇ. ಇಬ್ಬರೂ ಆಕೆ ಬೇಡ ಅಂದ ಮೇಲೂ ಒತ್ತಾಯ ಮಾಡಿದವರು. ಒಬ್ಬ ಟೊಂಗೆ ಮುರಿಯಲಿಲ್ಲ, ಅಷ್ಟೇ. ಅವನಿಗೆ ಹೆಂಡತಿ ಮರಳಿ ಸಿಕ್ಕಳು. ಇವಳಿಗೆ ಸುಣ್ಣದ ಗುಂಡಿ ಸಿಕ್ಕಿತು.

ಹಳೆಯ ಕಥೆ ಇಲ್ಲಿ ನಿಲ್ಲುವುದಿಲ್ಲ, ನಿಲ್ಲಬೇಕಾಗಿಯೂ ಇಲ್ಲ. ಬೇಸಿಗೆಯಲ್ಲಿ ಮಾಳಿಗೆ ಮೇಲೆ ಹಾಸಿಗೆ ಹಾಸಿಕೊಂಡು, ಹೂಂಗುಟ್ಟುವ ಮಕ್ಕಳಿಗೆ ಕಥೆ ಹೇಳುವಾಗ "ಆಕೆ ಅತ್ತಳು" ಅಂದರೆ ಸಾಕು, ಕಥೆ ಮುಂದಿನ ಊರಿಗೆ ಹೋಗಬೇಕು. ಪಾತ್ರಗಳಿಗೆ ಎಷ್ಟೋ ಸಲ ಹೆಸರು ಕೂಡ ಇರುವುದಿಲ್ಲ. ಒಬ್ಬ ರಾಜ, ಅವನ ಕಿರಿ ಮಗಳು, ಮುಗೀತು. ಆದರೆ ಓದುವವರು ನಿಲ್ಲಬಲ್ಲರು. ಆ ಕಿರಿ ಮಗಳು ರಾತ್ರಿ ಮನೆಗೆ ಬಂದು ಒದ್ದೆ ಲಂಗ ಬದಲಿಸುವಾಗ ಏನು ಅಂದುಕೊಂಡಳು? ಅತ್ತಿಗೆ ಎಲ್ಲಿ ಅಂತ ಅಣ್ಣ ಕೇಳಿದಾಗ ಅವಳ ಗಂಟಲಿಂದ ಮಾತು ಹೇಗೆ ಹೊರಟಿತು? ನಮ್ಮ ಲೇಖಕಿಯ ಕಥೆ ಪೂರ್ತಿ ಈ ಒಂದು ಸಂಜೆಯಲ್ಲೇ ನಡೆಯುತ್ತದೆ. ತಪ್ಪನ್ನು ಎಲ್ಲಿಯೂ ಮುಚ್ಚಿಲ್ಲ. ಕನಿಕರ ಬಂದರೆ ಆಕೆ ಮಾಡಿದ್ದು ಸರಿ ಅಂತ ಆಗುವುದಿಲ್ಲ, ಅಲ್ವಾ?

ಹೊಸ ಕಥೆ ಬರೆಯಬಹುದಿತ್ತಲ್ಲ ಅನ್ನುವ ಮಾತಿಗೆ: ಬರೆಯಬಹುದಿತ್ತು. ಆದರೆ ಕೇಳಿದ ಕಥೆಯ ರುಚಿಯೇ ಬೇರೆ. ನಮ್ಮ ಕಡೆ ದೊಡ್ಡಾಟ ನೋಡಲು ಕೂತವರಿಗೆ ಅಭಿಮನ್ಯು ಸಾಯುತ್ತಾನೆ ಅಂತ ಗೊತ್ತಿಲ್ಲವೇ? ಆದರೂ ಬೆಳಗಿನ ತನಕ ಏಳುವುದಿಲ್ಲ. ಮುಂದೇನು ಅನ್ನುವ ಆತಂಕ ಇಲ್ಲದಾಗ ಮನಸ್ಸು ಬೇರೆ ಕಡೆ ತಿರುಗುತ್ತದೆ: ಯಾಕೆ ಹೀಗಾಯಿತು, ಯಾರು ತಡೆಯಬಹುದಿತ್ತು. ಗಿರೀಶ ಕಾರ್ನಾಡರ 'ನಾಗಮಂಡಲ', ಚಂದ್ರಶೇಖರ ಕಂಬಾರರ 'ಸಿರಿಸಂಪಿಗೆ' ಎರಡೂ ಜನಪದ ಕಥೆಯಿಂದ ಎದ್ದ ನಾಟಕಗಳು. ಕಂಬಾರರಿಗೆ 1991ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಈ 'ಸಿರಿಸಂಪಿಗೆ'ಗೇ. ಹೂವಿನ ಗಿಡದ ಕಥೆಯೂ ಸುಮ್ನೆ ಕೂತಿಲ್ಲ. 1992ರಲ್ಲಿ ಕಾರ್ನಾಡರು ಅದನ್ನು 'ಚೆಲುವಿ' ಎಂಬ ಹಿಂದಿ ಚಿತ್ರ ಮಾಡಿದರು. 2006ರಲ್ಲಿ ಅಮೆರಿಕದ ಸಂಗೀತ ಸಂಯೋಜಕ ಜಾನ್ ಆಡಮ್ಸ್ ಅದನ್ನು ಒಪೆರಾ, ಅಂದರೆ ಹಾಡಿನಲ್ಲೇ ನಡೆಯುವ ನಾಟಕ, ಮಾಡಿ ವಿಯೆನ್ನಾದಲ್ಲಿ ಹಾಡಿಸಿದರು.

ಹೊರದೇಶದ ಕಥೆಗಳ ಗತಿಯೂ ಇದೇ. ಕೆಂಪು ಟೋಪಿಯ ಹುಡುಗಿಯನ್ನು ತೋಳ ನುಂಗುವ ಕಥೆ ಫ್ರಾನ್ಸಿನ ಪೆರೋ 1697ರಲ್ಲಿ ಅಚ್ಚು ಹಾಕಿಸಿದಾಗ ಆಕೆ ತೋಳದ ಹೊಟ್ಟೆಯಿಂದ ಹೊರಗೆ ಬರಲೇ ಇಲ್ಲ. ತೋಳದ ಹೊಟ್ಟೆ ಸೀಳಿ ಆಕೆಯನ್ನು ಉಳಿಸುವ ಬೇಟೆಗಾರ ಜರ್ಮನಿಯ ಗ್ರಿಮ್ ಸಹೋದರರ ಪುಸ್ತಕದಲ್ಲಿ ಬಂದ. ಅವರ ಹಿಮದ ಬಿಳುಪಿನ ರಾಜಕುಮಾರಿಯನ್ನು ಕೊಲ್ಲಿಸಲು ನೋಡುವವಳು 1812ರ ಮೊದಲ ಮುದ್ರಣದಲ್ಲಿ ಹೆತ್ತ ತಾಯಿ. 1819ರ ಮುದ್ರಣದ ಹೊತ್ತಿಗೆ ಮಲತಾಯಿಯಾದಳು. ತಾಯಿ ಹೀಗೆ ಮಾಡಿಯಾಳೇ ಅಂತ ಅವರಿಗೂ ಅನ್ನಿಸಿತೋ ಏನೋ. ಆ ಒಂದು ಬದಲಾವಣೆಯಿಂದ ಪಾಪ, ಎಷ್ಟು ಮಲತಾಯಂದಿರಿಗೆ ಕೆಟ್ಟ ಹೆಸರು ಬಂದಿರಬೇಕು!

ಒಂದು ಮಾತನ್ನು ಮಾತ್ರ ಪೂರ್ತಿ ಒಪ್ಪುತ್ತೇನೆ. ತಿರುಗಿಸಿ ಬರೆದದ್ದೆಲ್ಲ ಚೆನ್ನಾಗಿರುವುದಿಲ್ಲ. ರಾಜಕುಮಾರಿ ಕೈಗೆ ಕತ್ತಿ, ರಾಕ್ಷಸನ ಕೈಗೆ ಮೊಬೈಲ್ ಕೊಟ್ಟರೆ ಕಥೆ ಹೊಸದಾಗುವುದಿಲ್ಲ. ಏಳು ಸಮುದ್ರದ ಆಚೆ ಗಿಳಿಯಲ್ಲಿ ಜೀವ ಇಟ್ಟ ರಾಕ್ಷಸನಿಗೆ ಆ ಗಿಳಿಯನ್ನು ಕಂಡರೆ ಎಷ್ಟು ಭಯವೋ ಅಷ್ಟೇ ಪ್ರೀತಿಯೂ ಇರಬೇಕಲ್ಲ ಅಂತ ಯಾರಾದರೂ ಹಿಡಿದು ಬರೆದರೆ, ಅದು ಬೇಕು ನಮಗೆ. ಅಂಥದ್ದು ಅಪರೂಪ. ಉಳಿದವನ್ನು ವಾಪಸು ಕಳಿಸುತ್ತೇವೆ.

ಮೊಮ್ಮಕ್ಕಳ ವಿಷಯ. ಅವರಿಗೆ ಮೊದಲು ನಿಮ್ಮವ್ವನ ಕಥೆಯನ್ನೇ ಹೇಳಿ. ಅದು ಗೊತ್ತಿಲ್ಲದೆ ನಮ್ಮದನ್ನು ಓದಿದರೆ ಅರ್ಧ ರುಚಿಯೂ ಸಿಗುವುದಿಲ್ಲ. ಎರಡೂ ಕೇಳಿದ ಮಕ್ಕಳು ಗೊಂದಲಕ್ಕೆ ಬೀಳುವುದಕ್ಕಿಂತ ಪ್ರಶ್ನೆ ಕೇಳುವುದೇ ಜಾಸ್ತಿ. ಕಲಬುರಗಿ, ಬೀದರ್ ಓಣಿಗಳಲ್ಲಿ ಕನ್ನಡ, ದಖನಿ, ಮರಾಠಿ, ತೆಲುಗು ಎಲ್ಲ ಒಟ್ಟಿಗೇ ಇವೆ. ಒಂದು ಮನೆಯ ರಾಜ ಪಕ್ಕದ ಮನೆಯಲ್ಲಿ ಬಾದಶಾಹ ಆಗುತ್ತಾನೆ. ಇಲ್ಲಿ ಬೆಳೆದ ಮಕ್ಕಳಿಗೆ ಇದು ಹೊಸದಲ್ಲ.

ಕೊನೆಗೆ ಒಂದು ಬಿನ್ನಹ. ಅವ್ವನ ಕಥೆಯನ್ನು ನೆನಪಿದ್ದಷ್ಟು ಬರೆದು ಕಳಿಸಿ. ಬರೆಯುವುದು ಕಷ್ಟವಾದರೆ ಮೊಮ್ಮಕ್ಕಳ ಫೋನಿನಲ್ಲಿ ರೆಕಾರ್ಡ್ ಮಾಡಿದರೂ ನಡೆಯುತ್ತದೆ, ನಾವೇ ಬರೆದುಕೊಳ್ಳುತ್ತೇವೆ. ಆಳಂದದ ಮಾತು ಹೇಗಿದೆಯೋ ಹಾಗೇ ಅಚ್ಚಾಗುತ್ತದೆ. ಊರು ಬಿಟ್ಟ ಮೇಲೆ ನಾದಿನಿ ಎಲ್ಲಿಗೆ ಹೋದಳು ಅಂತ ಅವ್ವ ಹೇಳಿದ್ದರೆ ಅದನ್ನೂ ಮರೆಯದೆ ಸೇರಿಸಿ. ನಮ್ಮ ಲೇಖಕಿಯೂ ಅದನ್ನೇ ಕೇಳುತ್ತಿದ್ದಾರೆ.

— ಸಂಪಾದಕ